ಉಡುಪವೂ ಹರಿಗೋಲೂ: ಒಳನಾಡಿನ ನೌಕಾಶಿಲ್ಪವಿಚಾರ

ಕನ್ನಡನಾಡಿನ ನೌಕಾಶಿಲ್ಪವೆಂದೊಡನೆ ವಿದ್ವಾಂಸರ ಗಮನವು ಪಶ್ಚಿಮ ಕರಾವಳಿಯ ಕಡೆಗೆ ತಿರುಗುವುದು ಸಹಜವಾಗಿದೆ. ಮಂಗಳೂರು, ಬಸರೂರು, ಭಟ್ಕಳ, ಹೊನ್ನಾವರ ಮೊದಲಾದ ರೇವುಗಳೂ, ಅಲ್ಲಿ ಬಡಗಿಗಳು ಹಲಗೆಗೆ ಹಲಗೆ ಕೂಡಿಸಿ ಕಟ್ಟುತ್ತಿದ್ದ ಹಡಗುಗಳೂ ಇತಿಹಾಸದಲ್ಲಿ ಪ್ರಸಿದ್ಧವಾಗಿರುವುವು. ಇದರಿಂದ ಒಂದು ಅಭಿಪ್ರಾಯವು ಬೇರೂರಿದೆ. ಘಟ್ಟದ ಮೇಲಿನ ಬಯಲುಸೀಮೆಗೆ ನೌಕಾಶಿಲ್ಪವೆಂಬುದು ಇರಲಿಲ್ಲ. ಅಲ್ಲಿ ಇದ್ದುದು ಬುಟ್ಟಿಯಂತಹ ಒಂದು ಒರಟು ಸಾಧನ ಮಾತ್ರ. ಶಾಸ್ತ್ರದಲ್ಲಿ ಅದಕ್ಕೆ ಸ್ಥಾನವಿಲ್ಲ, ಕುಶಲಕಲೆಗಳಲ್ಲಿ ಅದಕ್ಕೆ ಗಣನೆಯಿಲ್ಲ ಎಂಬುದೇ ಆ ಅಭಿಪ್ರಾಯ. ಇದು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ತುಮಕೂರು ಸೀಮೆಯ ನೀರುಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ತುಮಕೂರು ಸೀಮೆಯು ಮಹಾನದಿಗಳ ಸೀಮೆಯಲ್ಲ. ದೇವರಾಯನದುರ್ಗದ ಬೆಟ್ಟಗಳಲ್ಲಿ ಶಿಂಷಾ, ಜಯಮಂಗಲಿ ಎಂಬ ಹೊಳೆಗಳು ಹುಟ್ಟುತ್ತವೆ. ಇವುಗಳಲ್ಲಿ ಶಿಂಷೆಯು ಗುಬ್ಬಿಯ ಸೀಮೆಯ ಕಡಬದ ಕೆರೆಯನ್ನು ಹೊಕ್ಕು ಹೊರಟು, ಕುಣಿಗಲಿನ ಸೀಮೆಯಲ್ಲಿ ಮಾರ್ಕೋನಹಳ್ಳಿಯ ಅಣೆಕಟ್ಟಿನ ಹಿಂದೆ ನಿಂತು, ಮದ್ದೂರಿನ ಮಾರ್ಗವಾಗಿ ಹರಿದು ಕಾವೇರಿಯನ್ನು ಸೇರುತ್ತದೆ. ಮಳೆಗಾಲ ಕಳೆದ ಮೇಲೆ ಇಂತಹ ಹೊಳೆಯಲ್ಲಿ ಕಾಲ್ನಡಿಗೆಯಿಂದಲೇ ದಾಟಬಹುದಾದ ಕಡವುಗಳು ಅನೇಕ. ಇಲ್ಲಿಯ ನಿಜವಾದ ಜಲಸಂಪತ್ತೆಂದರೆ ಕೆರೆಗಳು. ಕಡಬದ ಕೆರೆಯನ್ನು ಲಂಕೆಯಿಂದ ಹಿಂದಿರುಗುತ್ತಿದ್ದ ಶ್ರೀರಾಮನು ಕಟ್ಟಿಸಿದನೆಂದು ಸ್ಥಳದ ಐತಿಹ್ಯ. ಕುಣಿಗಲಿನ ದೊಡ್ಡ ಕೆರೆಯು ಜನಪದರ ಹಾಡಿನಿಂದ ನಾಡಿಗೆಲ್ಲ ಪರಿಚಿತವಾಗಿದೆ. ಹೇಮಾವತಿಯ ಕಾಲುವೆಯ ನೀರು ಈ ಸೀಮೆಗೆ ಬರತೊಡಗಿದುದು ೨೦ನೆಯ ಶತಮಾನದ ಕೊನೆಯ ಭಾಗದಲ್ಲಿ. ಅದಕ್ಕೆ ಮೊದಲು ಏರಿ, ತೂಬು, ಕೋಡಿಗಳೇ ಇಲ್ಲಿನ ಒಕ್ಕಲಿಗನ ಜಲಶಾಸ್ತ್ರವಾಗಿದ್ದುವು. ಇಂತಹ ನೀರಿಗೆ ಬೇಕಾದ ನೌಕೆಯು ಸಮುದ್ರದ ನೌಕೆಯಂತಿರಲಾರದು. ಕೆರೆಯ ಅಂಚಿನಲ್ಲಿ ನೀರು ಮೊಣಕಾಲುದ್ದ; ಒಳಗೆ ಮುಳುಗಿದ ಗಿಡದ ಬುಡಗಳೂ ಬಂಡೆಗಳೂ ಇರುವುವು. ಇಲ್ಲಿಗೆ ಆಳವಾಗಿ ಮುಳುಗದ, ಒಬ್ಬನೇ ಹೊತ್ತುಕೊಂಡು ಹೋಗಬಹುದಾದ, ಬೇಸಗೆಯಲ್ಲಿ ಮನೆಯ ಗೋಡೆಗೆ ಒರಗಿಸಿಡಬಹುದಾದ ವಸ್ತುವು ಬೇಕು. ಅದೇ ಹರಿಗೋಲು.

ಮೊದಲು ಹೆಸರುಗಳನ್ನು ವಿಚಾರಿಸತಕ್ಕುದು. ಕನ್ನಡದಲ್ಲಿ ಕಿರಿಯ ನೌಕೆಗಳಿಗೆ ಸಾಮಾನ್ಯವಾಗಿ ಮೂರು ಹೆಸರುಗಳುಂಟು: ದೋಣಿ, ತೆಪ್ಪ, ಹರಿಗೋಲು. ಇವು ಪರ್ಯಾಯಪದಗಳಲ್ಲ, ಮೂರು ಬೇರೆಬೇರೆ ಶಿಲ್ಪಗಳನ್ನು ಹೇಳುತ್ತವೆ. ದೋಣಿಯೆಂಬುದು ಸಂಸ್ಕೃತದ ದ್ರೋಣೀ ಶಬ್ದದ ತದ್ಭವವೆಂದು ಪರಂಪರೆಯ ಮತ. ತಮಿಳಿನ ತೋಣಿ ಎಂಬ ರೂಪವನ್ನು ನೋಡಿ ಇದು ದ್ರಾವಿಡಮೂಲದ್ದೇ ಎನ್ನುವವರೂ ಉಂಟು. ಹೇಗಾದರೂ ಅರ್ಥವು ಸ್ಪಷ್ಟವಾಗಿದೆ. ಮರವನ್ನು ತೋಡಿ ಮಾಡಿದ ಮರಿಗೆಯಂತಹ ಆಕಾರ, ಅದರಿಂದ ಬೆಳೆದ ಹಲಗೆಯ ನೌಕೆ, ಇವು ದೋಣಿ. ತೆಪ್ಪವೆಂಬುದು ತೇಲುವ ಪದಾರ್ಥಗಳನ್ನು ಒಟ್ಟಾಗಿ ಬಿಗಿದುದು. ಬಾಳೆಯ ದಿಂಡುಗಳಿಂದಲೂ ಅದಾಗಬಹುದು. ತೆಪ್ಪಕ್ಕೆ ಒಳಗೆಂಬುದಿಲ್ಲ, ಅದು ತನ್ನ ಪದಾರ್ಥದ ಹಗುರದಿಂದ ತೇಲುತ್ತದೆ. ಹರಿಗೋಲಾದರೋ ಒಳಗಿನ ಪೊಳ್ಳಿನಿಂದ ತೇಲತಕ್ಕದ್ದು. ಆದಕಾರಣ ಪಾಠ ಹೇಳುವಾಗ ಹರಿಗೋಲೆಂದರೆ ದೋಣಿಯೆಂದು ಅರ್ಥ ಬರೆಯಿಸಿ ಮುಂದೆ ಸಾಗುವುದು ಸರಿಯಲ್ಲ.

ಹರಿಗೋಲು ಎಂಬ ಪದದ ನಿಷ್ಪತ್ತಿಯಲ್ಲಿ ಮೂರು ಪಕ್ಷಗಳು ಸಂಭವಿಸುತ್ತವೆ. ಹರಿ ಎಂಬ ಧಾತುವು ಹಳಗನ್ನಡದ ಪರಿ, ಅಂದರೆ ಓಡು, ಪ್ರವಹಿಸು. ಅದಕ್ಕೆ ಕೋಲೆಂಬುದು ಸೇರಿ, ಕಕಾರಕ್ಕೆ ಗಕಾರವು ಆದೇಶವಾಗಿ ಹರಿಗೋಲಾಯಿತೆಂಬುದು ಮೊದಲನೆಯ ಪಕ್ಷ. ಅಮರಸಿಂಹನು ವಾರಿವರ್ಗದಲ್ಲಿ ಉಡುಪ, ಪ್ಲವ ಶಬ್ದಗಳೊಡನೆ ಕೋಲವೆಂಬುದನ್ನೂ ಹೇಳಿರುವುದರಿಂದ, ಉತ್ತರಪದವು ಕನ್ನಡದ ಕೋಲಲ್ಲ, ಸಂಸ್ಕೃತದ ಕೋಲವೇ ಎಂಬುದು ಎರಡನೆಯ ಪಕ್ಷ. ಈ ಎರಡನೆಯದು ಕೇಳಲು ರಮ್ಯವಾಗಿದ್ದರೂ ನಿಲ್ಲುವುದಿಲ್ಲ. ಸಂಸ್ಕೃತದ ಅಕಾರಾಂತವಾದ ಕೋಲವು ಕನ್ನಡಕ್ಕೆ ಬಂದಲ್ಲಿ ಅಕಾರಾಂತವಾಗಿಯೇ ಉಳಿಯಬೇಕಾಗಿತ್ತು. ಹರಿಗೋಲ್ ಎಂಬುದು ವ್ಯಂಜನಾಂತವಾಗಿದೆ. ಅಲ್ಲದೆ ಕನ್ನಡದ ಪೂರ್ವಪದಕ್ಕೆ ಸಂಸ್ಕೃತದ ಉತ್ತರಪದವನ್ನು ಹತ್ತಿಸಿದರೆ ಅರಿಸಮಾಸದೋಷವು ಬರುತ್ತದೆ. ದಿನಬಳಕೆಯ ಒಂದು ಸಾಧನಕ್ಕೆ ಅಂಬಿಗರೂ ಮೇದರೂ ಇಂತಹ ಮಿಶ್ರಪದವನ್ನು ಕಟ್ಟಿಕೊಂಡರೆಂಬುದು ನಂಬತಕ್ಕುದಲ್ಲ.

ಮೊದಲನೆಯ ಪಕ್ಷಕ್ಕೂ ಒಂದು ಅಡ್ಡಿಯುಂಟು. ತಮಿಳಿನಲ್ಲಿ ಇದೇ ನೌಕೆಗೆ ಪರಿಸಲ್ ಎಂದು ಹೆಸರು. ಕನ್ನಡದ ಹಕಾರಕ್ಕೆ ಹಿಂದೆ ಪಕಾರವಿದ್ದುದರಿಂದ ಪರಿಸಲ್, ಹರಿಗೋಲ್ ಎಂಬ ಎರಡೂ ಒಂದೇ ಬೇರಿನವೆಂಬುದರಲ್ಲಿ ಸಂದೇಹಕ್ಕೆ ಅವಕಾಶವು ಕಡಮೆ. ಆದರೆ ತಮಿಳಿನ ರೂಪದಲ್ಲಿ ಕೋಲಿನ ಸುಳಿವೇ ಇಲ್ಲ. ಇಲ್ಲಿ ಮತ್ತೊಂದು ಜೋಡಿಯನ್ನು ನೋಡಬೇಕು. ಗುರಾಣಿಗೆ ಕನ್ನಡದಲ್ಲಿ ಹರಿಗೆ ಎಂಬ ಹೆಸರುಂಟು. ತಮಿಳಿನಲ್ಲಿ ಅದಕ್ಕೆ ಪರಿಸೈ. ಕನ್ನಡದ ಗಕಾರವಿದ್ದ ಎಡೆಯಲ್ಲಿ ತಮಿಳಿನ ಸಕಾರಧ್ವನಿಯು ಎರಡು ಜೋಡಿಗಳಲ್ಲಿಯೂ ಒಂದೇ ರೀತಿಯಾಗಿ ನಿಂತಿರುವುದು. ಹರಿಗೆಯೂ ಹರಿಗೋಲೂ ಆಕಾರದಲ್ಲಿಯೂ ಕೆಲಸದಲ್ಲಿಯೂ ಸಹೋದರಿಯರು: ಎರಡೂ ದುಂಡಗಿನವು, ಬಾಗುವ ಕಡ್ಡಿಗಳ ಹೆಣಿಗೆಯ ಮೇಲೆ ತೊಗಲನ್ನು ಬಿಗಿದರೆ ಎರಡೂ ಸಿದ್ಧವಾಗುತ್ತವೆ. ಇವುಗಳ ಸಮಾನಮೂಲದ ಪದಕ್ಕೆ, ನೀರಿನಲ್ಲಿ ಹರಿಯುವುದನ್ನೂ ತಳ್ಳುವ ಕೋಲನ್ನೂ ಕಂಡ ಕನ್ನಡಿಗರು ಕಾಲಕ್ರಮದಲ್ಲಿ ಕೋಲಿನ ರೂಪವನ್ನು ಕೊಟ್ಟರೆಂಬುದು ಮೂರನೆಯ ಪಕ್ಷ. ಹರುಗೋಲು, ಹರಗೋಲು ಎಂಬ ರೂಪಾಂತರಗಳೂ ಬಳಕೆಯಲ್ಲಿದ್ದುವೆಂಬುದು ಪೂರ್ವಪದದ ಅರ್ಥವು ಜನರಿಗೆ ಮಸುಕಾಗಿತ್ತೆಂಬುದನ್ನೇ ಸೂಚಿಸುತ್ತದೆ. ಮೂರು ಪಕ್ಷಗಳಲ್ಲಿ ಇದೇ ಬಲವತ್ತರವೆಂದು ತೋರುತ್ತದೆ.

ಈ ಊಹೆಗೆ ದೂರದೇಶದ ಒಬ್ಬ ಪ್ರಾಚೀನನ ಸಾಕ್ಷ್ಯವು ಒದಗಿ ಬರುತ್ತದೆ. ಕ್ರಿ. ಪೂ. ೫ನೆಯ ಶತಮಾನದ ಯವನ ಇತಿಹಾಸಕಾರ ಹೆರೊಡೋಟಸನು ಬಾಬಿಲೋನಿಗೆ ನದಿಯ ಮೇಲೆ ಇಳಿದುಬರುತ್ತಿದ್ದ ನೌಕೆಗಳನ್ನು ತನ್ನ ಮೊದಲನೆಯ ಗ್ರಂಥಭಾಗದಲ್ಲಿ ವರ್ಣಿಸಿದ್ದಾನೆ. ಅವುಗಳ ಪಕ್ಕೆಲುಬುಗಳು ಮರದ ಕಡ್ಡಿಗಳು, ಹೊದಿಕೆಯು ತೊಗಲು. ಅವುಗಳಿಗೆ ಹಿಂದು ಮುಂದು ಎಂಬ ಭೇದವಿಲ್ಲ. ಅವು ಗುರಾಣಿಯಂತೆ ದುಂಡಗಿನವೆಂದೇ ಅವನ ಹೋಲಿಕೆ. ಸರಕು ಮಾರಾಟವಾದ ಮೇಲೆ ವರ್ತಕರು ಕಡ್ಡಿಯ ಚೌಕಟ್ಟನ್ನು ಅಲ್ಲಿಯೇ ಮಾರಿ, ತೊಗಲನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ಊರಿಗೆ ನಡೆಯುತ್ತಿದ್ದರೆಂದೂ, ಕತ್ತೆಯನ್ನು ಬರುವಾಗಲೇ ನೌಕೆಯಲ್ಲಿ ತರುತ್ತಿದ್ದರೆಂದೂ ಅವನು ಹೇಳುತ್ತಾನೆ. ಕನ್ನಡದ ಪದವು ತನ್ನೊಳಗೆ ಅಡಗಿಸಿಕೊಂಡಿರುವ ಹೋಲಿಕೆಯನ್ನೇ ಯವನನು ಬಾಯಿಬಿಟ್ಟು ಹೇಳಿದಂತಾಯಿತು.

ಇನ್ನು ಶಾಸ್ತ್ರದಲ್ಲಿ ಇದಕ್ಕೆ ಸ್ಥಾನವಿಲ್ಲವೆಂಬ ಮಾತು. ಈ ಮಾತಿಗೆ ಆಧಾರವಾಗಿರುವುದು ಭೋಜರಾಜನ ಹೆಸರಿನಲ್ಲಿರುವ ಯುಕ್ತಿಕಲ್ಪತರುವೆಂಬ ಗ್ರಂಥ. ರಾಧಾಕುಮುದ ಮುಖರ್ಜಿಯವರು ೧೯೧೨ರಲ್ಲಿ ಭಾರತೀಯ ನೌಕಾಯಾನದ ಇತಿಹಾಸವನ್ನು ಪ್ರಕಟಿಸಿದಾಗ ಈ ಗ್ರಂಥದ ನೌಕಾಪ್ರಕರಣವು ವಿದ್ವಲ್ಲೋಕದಲ್ಲಿ ಪ್ರಸಿದ್ಧಿಗೆ ಬಂದಿತು. ಅಲ್ಲಿ ಮರಗಳನ್ನು ನಾಲ್ಕು ಜಾತಿಯಾಗಿ ವಿಂಗಡಿಸಿದೆ: ಹಗುರವಾಗಿ ಮೃದುವಾದುದು ಬ್ರಾಹ್ಮಣ, ಹಗುರವಾಗಿ ಗಟ್ಟಿಯಾದುದು ಕ್ಷತ್ರಿಯ, ಮೃದುವಾಗಿ ಭಾರವಾದುದು ವೈಶ್ಯ, ಗಟ್ಟಿಯಾಗಿ ಭಾರವಾದುದು ಶೂದ್ರ. ಕ್ಷತ್ರಿಯಜಾತಿಯ ಮರವೇ ನೌಕೆಗೆ ಶ್ರೇಷ್ಠವೆಂದೂ, ಸಮುದ್ರದ ನೌಕೆಯ ಹಲಗೆಗಳನ್ನು ಕಬ್ಬಿಣದಿಂದ ಕೂಡಿಸಲಾಗದೆಂದೂ, ಕೂಡಿಸಿದರೆ ಸಮುದ್ರದೊಳಗಿನ ಅಯಸ್ಕಾಂತಶಿಲೆಗಳು ಸೆಳೆಯುತ್ತವೆಂದೂ ಹೇಳಿದೆ. ಸಾಮಾನ್ಯನೌಕೆಗಳು ಕ್ಷುದ್ರೆ ಮೊದಲಾಗಿ ಮಂಥರೆಯವರೆಗೆ ೧೦. ಇವುಗಳಲ್ಲಿ ಅತ್ಯಂತ ಕಿರಿದಾದ ಕ್ಷುದ್ರೆಗೂ ಉದ್ದ ೧೬ ಮೊಳ, ಅಗಲ ೪ ಮೊಳ. ಇವೆಲ್ಲವೂ ಮರದ ನೌಕೆಗಳು. ಕುಣಿಗಲಿನ ಕೆರೆಯಲ್ಲಿ ಮೀನು ಹಿಡಿಯುವವನ ಹರಿಗೋಲಿಗೆ ಈ ಪಟ್ಟಿಯಲ್ಲಿ ಎಡೆಯಿಲ್ಲವೆಂಬುದು ನಿಜ.

ಆದರೆ ಶಿಲ್ಪಗ್ರಂಥದ ಮೌನವು ಶಾಸ್ತ್ರದ ಮೌನವಲ್ಲ. ರಘುವಂಶದ ಆರಂಭದಲ್ಲಿಯೇ ಕವಿಯು ತನ್ನ ಅಲ್ಪಮತಿಯಿಂದ ಸೂರ್ಯವಂಶವನ್ನು ವರ್ಣಿಸಹೊರಟುದನ್ನು, ಉಡುಪದಿಂದ ಸಾಗರವನ್ನು ದಾಟುವುದಕ್ಕೆ ಹೋಲಿಸಿಕೊಂಡಿರುವುದು ಪಾಠಶಾಲೆಯ ಎಳೆಯ ವಿದ್ಯಾರ್ಥಿಗೂ ತಿಳಿದ ವಿಷಯ. ಅಲ್ಲಿ ಕೋಲಾಚಲ ಮಲ್ಲಿನಾಥಸೂರಿಯು ಅಮರನನ್ನು ಅನುಸರಿಸಿ ಉಡುಪವೆಂದರೆ ಪ್ಲವವೆಂದು ಮೊದಲು ಅರ್ಥ ಹೇಳಿ, ಅಷ್ಟರಿಂದ ತೃಪ್ತನಾಗದೆ, ಅಥವಾ ತೊಗಲಿನಿಂದ ಬಿಗಿದ ಯಾನಪಾತ್ರೆಯೆಂದು ಎರಡನೆಯ ಅರ್ಥವನ್ನು ಕೊಟ್ಟು, ಅದಕ್ಕೆ ಸಜ್ಜನನೆಂಬ ಕೋಶಕಾರನ ಪ್ರಮಾಣವನ್ನು ತೋರಿಸಿದ್ದಾನೆ. ಮಲ್ಲಿನಾಥನು ತೆಲುಗುನಾಡಿನವನು. ಕೃಷ್ಣಾ ತುಂಗಭದ್ರೆಗಳ ಪ್ರದೇಶದಲ್ಲಿ ಹರಿಗೋಲೇ ಸಾಮಾನ್ಯವಾದ ನೌಕೆ. ತೆಲುಗಿನಲ್ಲಿ ಅದಕ್ಕೆ ಪುಟ್ಟಿಯೆಂದು ಹೆಸರು. ಕೋಶದಲ್ಲಿದ್ದ ಮಾತಿಗೆ ಕಣ್ಣಮುಂದಿನ ವಸ್ತುವು ಬೆಂಬಲವಾದುದರಿಂದಲೇ ಅವನು ಈ ಎರಡನೆಯ ಅರ್ಥವನ್ನು ಬಿಡದೆ ಹೇಳಿದನೆಂದು ತಿಳಿಯುವುದು ಅಸಂಗತವಲ್ಲ. ಹೀಗೆ ಒಳನಾಡಿನ ಹರಿಗೋಲು ಶಾಸ್ತ್ರದ ಉಡುಪವೇ ಆಗುತ್ತದೆ. ಕವಿಯ ಉಪಮೆಗೂ ಇದರಿಂದ ಪುಷ್ಟಿಯುಂಟು: ತೊಗಲಿನ ದುಂಡುನೌಕೆಯು ಕೆರೆಹೊಳೆಗಳಿಗೆ ತಕ್ಕುದೇ ಹೊರತು ಸಾಗರಕ್ಕಲ್ಲ.

ಪ್ರವಾಸಿಗಳ ಸಾಕ್ಷ್ಯವು ಇದಕ್ಕೆ ಅನುಕೂಲವಾಗಿದೆ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು ೧೫೨೦ರಲ್ಲಿ, ವಿಜಯನಗರವನ್ನು ಕಂಡ ಪೋರ್ತುಗೀಸ ದೊಮಿಂಗೊ ಪಾಯೆಸನು ಆನೆಗೊಂದಿಗೆ ನದಿ ದಾಟುವ ನೌಕೆಗಳನ್ನು ಬಣ್ಣಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನರನ್ನು ಹೊರಬಲ್ಲವು. ಅಗತ್ಯವಾದರೆ ಕುದುರೆ ಎತ್ತುಗಳೂ ಏರಬಹುದು. ಹುಟ್ಟುಹಾಕಿದರೆ ನೇರವಾಗಿ ಹೋಗದೆ ಸುತ್ತುತ್ತಲೇ ಸಾಗುತ್ತವೆ. ಈ ರಾಜ್ಯದ ಹೊಳೆಗಳಲ್ಲೆಲ್ಲ ಇವಲ್ಲದೆ ಬೇರೆ ನೌಕೆಗಳಿಲ್ಲವೆಂಬುದು ಅವನ ಕೊನೆಯ ಮಾತು. ೧೮೦೩ರ ಮರಾಠಾ ಯುದ್ಧಕಾಲದಲ್ಲಿ ಆರ್ಥರ್ ವೆಲ್ಲೆಸ್ಲಿಯು ದಖ್ಖನಿನ ತುಂಬುಹೊಳೆಗಳನ್ನು ಸೇನೆಸಹಿತ ದಾಟುವುದಕ್ಕೆ ಇಂತಹ ಬುಟ್ಟಿನೌಕೆಗಳನ್ನೇ ಮಾಡಿಸಿಕೊಂಡನು. ರಾಜಧಾನಿಯ ಕಡವಿಗೂ ಸೇನೆಯ ಪಯಣಕ್ಕೂ ಒದಗಿದ ವಸ್ತುವನ್ನು ಒರಟು ಸಾಧನವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಇದನ್ನು ಕಟ್ಟುವವನು ಬಡಗಿಯಲ್ಲ, ಬಿದಿರಿನ ಕೆಲಸದವನು. ಇದೇ ಒಳನಾಡಿನ ನೌಕಾಶಿಲ್ಪದ ಮುಖ್ಯ ಲಕ್ಷಣ. ಬಲಿತ ಬಿದಿರನ್ನು ಸೀಳಿ ದಬ್ಬೆಗಳನ್ನು ತೆಗೆದು, ನೆಲದ ಮೇಲೆ ನಾನಾ ದಿಕ್ಕುಗಳಿಗೆ ಓಡಿಸಿ, ಒಂದರ ಮೇಲೊಂದು ಕೆಳಗೊಂದು ಬರುವಂತೆ ತಳವನ್ನು ಹೆಣೆಯುತ್ತಾರೆ. ತಳದ ಮೇಲೆ ಕಲ್ಲುಗಳನ್ನು ಹೇರಿ, ಹೊರಚಾಚಿದ ದಬ್ಬೆಗಳನ್ನು ಮೇಲಕ್ಕೆ ಬಾಗಿಸಿ ಪಕ್ಕಗಳನ್ನು ಎತ್ತುತ್ತಾರೆ. ಬಾಯಿಯ ಸುತ್ತ ದಬ್ಬೆಗಳ ಕಂತೆಯನ್ನು ಬಿಗಿದ ಮೇಲೆ, ಹೊರಗಡೆ ಹಿಂದೆ ತೊಗಲನ್ನು ಹೊದಿಸುತ್ತಿದ್ದರು. ಈಗ ಗೋಣಿಯ ಬಟ್ಟೆಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಹೊದಿಸಿ ಡಾಂಬರು ಬಳಿಯುತ್ತಾರೆ. ನಕ್ಷೆಯಿಲ್ಲ, ಅಚ್ಚಿಲ್ಲ, ಮೊಳೆಯಿಲ್ಲ. ಆಕಾರವನ್ನು ನಿರ್ಣಯಿಸುವುದು ದಬ್ಬೆಯ ಬಾಗುವಿಕೆ ಮತ್ತು ಕೈಯ ಅಳತೆ.

ಇದರ ಯುಕ್ತತೆಯನ್ನು ಗಣಿತದಿಂದಲೂ ತೋರಿಸಬಹುದು. ಎರಡು ಮೀಟರು ವ್ಯಾಸದ ಚಪ್ಪಟೆ ತಳಕ್ಕೆ ವಿಸ್ತೀರ್ಣವು ೩ ಚದರ ಮೀಟರಿಗೆ ಸ್ವಲ್ಪ ಹೆಚ್ಚು. ಆರು ಜನರನ್ನೂ ನೌಕೆಯ ಭಾರವನ್ನೂ ಸೇರಿಸಿ ೪೦೦ ಕಿಲೋಗ್ರಾಮೆಂದು ಇಟ್ಟುಕೊಂಡರೆ, ಅಷ್ಟೇ ತೂಕದ ನೀರನ್ನು ಸರಿಸುವುದಕ್ಕೆ ಅದು ಸುಮಾರು ೧೩ ಸೆಂಟಿಮೀಟರು, ಎಂದರೆ ಅರ್ಧ ಗೇಣಿಗಿಂತ ತುಸು ಹೆಚ್ಚು, ಮುಳುಗಿದರೆ ಸಾಕು. ಮೊಣಕಾಲುದ್ದದ ನೀರಿನಲ್ಲಿ ಆರು ಜನರನ್ನು ಹೊರುವ ಈ ಗುಣವು, ಅಡಿಯಲ್ಲಿ ಏಣುಮರವಿರುವ ಹಲಗೆಯ ದೋಣಿಗೆ ಸುಲಭಸಾಧ್ಯವಲ್ಲ. ಹರಿಗೋಲಿನ ವೇಗವು ಅಲ್ಪ, ದಿಕ್ಕು ಚಂಚಲ. ಆದರೆ ಆ ದೋಷಗಳು ಈ ಗುಣಕ್ಕೆ ತೆತ್ತ ಬೆಲೆಯೇ ಹೊರತು ಅಜ್ಞಾನದ ಫಲವಲ್ಲ.

ಇಲ್ಲಿ ಭೂಗೋಳದ ಮತ್ತೊಂದು ತುದಿಯ ಶಿಲ್ಪವೊಂದನ್ನು ಹೋಲಿಸಿ ನೋಡುವುದು ಉಪಯುಕ್ತವಾಗುತ್ತದೆ. ಉತ್ತರಧ್ರುವದ ಸಮೀಪದ ಇನ್ಯುಯಿಟ್ ಜನರು ತೇಲಿಬಂದ ಮರದ ಕಡ್ಡಿಗಳಿಂದ ಚೌಕಟ್ಟನ್ನು ಕಟ್ಟಿ, ಅದರ ಮೇಲೆ ಸೀಲ್ ಎಂಬ ಜಲಚರದ ತೊಗಲನ್ನು ಹೊಲಿದು, ಒಬ್ಬನೇ ಕುಳಿತು ಬೇಟೆಯಾಡುವ ಕಯಾಕ್ ಎಂಬ ನೌಕೆಯನ್ನು ಮಾಡುತ್ತಿದ್ದರು. ಅದು ಉದ್ದವಾಗಿ ಕಿರಿದು, ಹರಿಗೋಲು ದುಂಡಗೆ. ಅದು ವೇಗಕ್ಕಾಗಿ, ಇದು ಹೊರೆಗಾಗಿ. ಆದರೆ ಎರಡಕ್ಕೂ ತತ್ತ್ವವು ಒಂದೇ: ಒಳಗೆ ಬಲ ಕೊಡುವ ಕಡ್ಡಿ, ಹೊರಗೆ ನೀರು ತಡೆಯುವ ತೊಗಲು. ೧೮೬೫ರಲ್ಲಿ ಜಾನ್ ಮ್ಯಾಕ್ಗ್ರೆಗರನೆಂಬವನು ಈ ಮಾದರಿಯನ್ನು ಕಂಡು ರಾಬ್ ರಾಯ್ ಎಂಬ ೧೫ ಅಡಿಯ ಮರದ ನೌಕೆಯನ್ನು ಮಾಡಿಸಿ ಯೂರೋಪಿನ ನದಿಗಳಲ್ಲಿ ಸಂಚರಿಸಿದನು. ಅದೇ ಶತಮಾನದ ಉತ್ತರಾರ್ಧದಲ್ಲಿ ಕೆನಡಾದ ಪೀಟರ್ಬರೋ ಸುತ್ತಿನ ಶಿಲ್ಪಿಗಳು ಅಗಲವಾದ ಹಲಗೆಗಳನ್ನು ಬಿಟ್ಟು, ದೇವದಾರುಜಾತಿಯ ಹಗುರಮರದ ಸಣ್ಣ ಪಟ್ಟಿಗಳಿಂದ ನೌಕೆ ಕಟ್ಟುವ ಕ್ರಮವನ್ನು ಬೆಳೆಸಿದರು.

ಈ ಕ್ರಮವನ್ನು ಇಂದು ಅನೇಕ ದೇಶಗಳಲ್ಲಿ ಗೃಹಸ್ಥರು ತಮ್ಮ ಮನೆಯ ಕೊಟ್ಟಿಗೆಯಲ್ಲಿಯೇ ಅನುಸರಿಸುತ್ತಿದ್ದಾರೆ. ೧೯೮೩ರಲ್ಲಿ ಟೆಡ್ ಮೂರ್ಸ್ ಮೊದಲಾದವರು ಪ್ರಕಟಿಸಿದ ಕೈಪಿಡಿಯಂತಹ ಗ್ರಂಥಗಳು ಇದಕ್ಕೆ ನೆರವಾದುವು. ನೆಟ್ಟಗಿರುವ ಉದ್ದನೆಯ ತೊಲೆಯ ಮೇಲೆ ಸುಮಾರು ಅಡಿಗೊಂದರಂತೆ ಅಡ್ಡಸೀಳಿನ ಆಕಾರದ ಅಚ್ಚುಗಳನ್ನು ನಿಲ್ಲಿಸುವುದು. ಕಾಲಂಗುಲ ದಪ್ಪ, ಮುಕ್ಕಾಲಂಗುಲ ಅಗಲದ ಪಟ್ಟಿಗಳನ್ನು ಅವುಗಳ ಮೇಲೆ ಬಾಗಿಸಿ ಅಂಚಿಗೆ ಅಂಚು ಅಂಟಿಸುತ್ತ ಬರುವುದು. ಒಂದು ಪಟ್ಟಿಯ ಅಂಚಿನ ಉಬ್ಬು ಮತ್ತೊಂದರ ತಗ್ಗಿನಲ್ಲಿ ಕೂರುವಂತೆ ತೀಡಿರುವುದು. ಅಂಟು ಆರಿದ ಮೇಲೆ ಉಜ್ಜುಗೊರಡು ಹಾಕಿ ನುಣುಪುಮಾಡಿ, ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿಯೆಂಬ ರಾಳದಲ್ಲಿ ತೋಯಿಸಿ ಹೊರಗೂ ಒಳಗೂ ಹೊದಿಸುವುದು. ಕೊನೆಗೆ ಮೇಲ್ಮುಚ್ಚಳವನ್ನು ಕೂಡಿಸುವುದು. ೧೭ ಅಡಿ ಉದ್ದದ ಇಂತಹ ನೌಕೆಯು ಸುಮಾರು ೨೦ ಕಿಲೋಗ್ರಾಮು ತೂಗುತ್ತದೆ. ಒಬ್ಬನು ಹೆಗಲ ಮೇಲೆ ಹೊರಬಲ್ಲನು.

ಈ ನೌಕೆಯಲ್ಲಿ ಹಲಗೆಯಿದೆಯೆಂದು ಅದನ್ನು ದೋಣಿಯ ಜಾತಿಗೆ ಸೇರಿಸಬಹುದೆ? ವಿಚಾರಿಸಿದರೆ ಹಾಗೆ ತೋರುವುದಿಲ್ಲ. ಪಟ್ಟಿಗಳು ತಾವಾಗಿ ನೀರನ್ನು ಬಹುಕಾಲ ತಡೆಯಲಾರವು, ತಾವಾಗಿ ಬಲವನ್ನೂ ಕೊಡಲಾರವು. ಹೊರಗಿನ ಒಳಗಿನ ಪೊರೆಗಳೇ ಅವನ್ನು ನೌಕೆಯನ್ನಾಗಿ ಮಾಡುತ್ತವೆ. ಕಯಾಕಿನ ತೊಗಲು ಮರದ ನೌಕೆಯಲ್ಲಿ ಮಾಯವಾಗಿ, ಶತಮಾನದ ತರುವಾಯ ರಾಳದ ರೂಪದಿಂದ ಹಿಂದಿರುಗಿತು. ಹೀಗೆ ನೋಡಿದರೆ ಪಾಶ್ಚಾತ್ಯ ಗೃಹಸ್ಥನ ಹೊಸ ನೌಕೆಯು ಮೇದರ ಹರಿಗೋಲಿಗೆ ಹತ್ತಿರದ ಬಂಧುವಾಗುತ್ತದೆ. ಇದನ್ನು ಕನ್ನಡದಲ್ಲಿ ಹೇಳಬೇಕಾದಲ್ಲಿ ದಬ್ಬೆದೋಣಿಯೆಂದರೆ ಸಾಲದೆ? ಗುಬ್ಬಿಯ ಸೀಮೆಯ ತೋಟಗಳಲ್ಲಿ ಅಡಕೆಯ ಮರವನ್ನು ಸೀಳಿದರೆ ಬರುವುದೂ ದಬ್ಬೆಯೇ, ಬಿದಿರನ್ನು ಸೀಳಿದರೆ ಬರುವುದೂ ದಬ್ಬೆಯೇ. ಹೊಸ ವಸ್ತುವಿಗೆ ಹಳೆಯ ಕೈಕೆಲಸದ ಮಾತು ಸಿದ್ಧವಾಗಿರುವಾಗ ಪರಭಾಷೆಗೆ ಕೈಚಾಚಬೇಕಾದುದಿಲ್ಲ.

ಕರಾವಳಿಯ ಹಳೆಯ ಕ್ರಮಕ್ಕೆ ಈಚೆಗೆ ಮನ್ನಣೆಯು ದೊರೆತಿದೆ. ಅಜಂತೆಯ ಚಿತ್ರವೊಂದನ್ನು ಆಧಾರವಾಗಿಟ್ಟುಕೊಂಡು, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ ಕೌಂಡಿನ್ಯವೆಂಬ ಹಡಗನ್ನು ೨೦೨೫ರ ಮೇ ತಿಂಗಳಿನಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿಸಿಕೊಂಡರು. ಇದು ಶ್ಲಾಘ್ಯವೇ ಸರಿ. ಒಳನಾಡಿನ ಹರಿಗೋಲಿಗಾದರೋ ಇಂತಹ ಚಿತ್ರವೂ ಬೇಕಾಗಿಲ್ಲ. ಅದನ್ನು ಕಟ್ಟಬಲ್ಲವರು ಇನ್ನೂ ಇದ್ದಾರೆ. ಆದರೆ ಸೇತುವೆಗಳು ಕಡವುಗಳನ್ನು ಕಸಿದುಕೊಂಡುವು. ಬಿದಿರಿನ ಬದಲು ಗಾಜಿನ ನಾರಿನ ಅಚ್ಚುಹರಿಗೋಲುಗಳು ಬರುತ್ತಿವೆ. ಆಕಾರವು ಉಳಿದು ಕೆಲಸವು ಅಳಿಯುವ ಕಾಲವಿದು. ಕೆಲಸದೊಡನೆ ಅದರ ಮಾತುಗಳೂ ಅಳಿಯುತ್ತವೆ.

ಇದರಿಂದ ಸಾಹಿತ್ಯಕ್ಕೆ ಆಗುವ ನಷ್ಟವು ಸಣ್ಣದಲ್ಲ. ೧೨ನೆಯ ಶತಮಾನದ ಅಂಬಿಗರ ಚೌಡಯ್ಯನ ಹೆಸರು ತುಂಗಭದ್ರೆಯ ದಡದ ಚೌಡದಾನಪುರದೊಡನೆ ಹೆಣೆದುಕೊಂಡಿದೆ. ಮೇದಾರ ಕೇತಯ್ಯನು ಬಿದಿರಿನ ಕಾಯಕದವನು. ಒಬ್ಬನು ಹರಿಗೋಲನ್ನು ನಡೆಸುವ ಕುಲದವನು, ಮತ್ತೊಬ್ಬನು ಹರಿಗೋಲಿಗೆ ಬೇಕಾದ ಹೆಣಿಗೆಯನ್ನು ಬಲ್ಲ ಕುಲದವನು. ಇಬ್ಬರೂ ಒಂದೇ ಶರಣಸಂಕುಲದಲ್ಲಿ ಎಣಿಕೆಯಾದವರು. ಸಂಸಾರವನ್ನು ಹೊಳೆಯೆಂದೂ ಗುರುವನ್ನು ಅಂಬಿಗನೆಂದೂ ಹೇಳುವ ನಮ್ಮ ಕವಿಗಳ ಮಾತನ್ನು ಓದುವ ವಿದ್ಯಾರ್ಥಿಯು, ಮೂತಿಯೂ ಚುಕ್ಕಾಣಿಯೂ ಉಳ್ಳ ಹಲಗೆಯ ದೋಣಿಯನ್ನು ಮನಸ್ಸಿಗೆ ತಂದುಕೊಂಡರೆ ಅರ್ಧ ಅರ್ಥವು ಕಳೆದುಹೋಗುತ್ತದೆ. ದೋಣಿಗೆ ಒಂದು ಮುಖವಿದೆ. ಅಂಬಿಗನು ಕ್ಷಣಕಾಲ ಕೈಬಿಟ್ಟರೂ ಅದು ಹೊರಟ ದಿಕ್ಕನ್ನು ಸ್ವಲ್ಪದೂರ ಹಿಡಿಯುತ್ತದೆ. ಹರಿಗೋಲಿಗೆ ಮುಖವೇ ಇಲ್ಲ. ಕೈಬಿಟ್ಟೊಡನೆ ಅದು ಸುತ್ತತೊಡಗುತ್ತದೆ. ದಡವು ಒಮ್ಮೆ ಎದುರಿಗೆ, ಒಮ್ಮೆ ಬೆನ್ನಿಗೆ. ಅದಕ್ಕೆ ದಿಕ್ಕೆಂಬುದು ಅಂಬಿಗನ ಕೈಯಲ್ಲದೆ ಬೇರೆಯಿಲ್ಲ. ಇಂತಹ ನೌಕೆಯಲ್ಲಿ ಕುಳಿತವನು ಅಂಬಿಗನನ್ನು ನಂಬಿದೆನೆಂದು ಹೇಳುವಾಗ ಆ ನಂಬಿಕೆಯ ತೂಕವೇ ಬೇರೆ.

ಆದಕಾರಣ ಎರಡು ಕಾರ್ಯಗಳು ಅವಶ್ಯವಾಗಿವೆ. ಒಂದು, ಹರಿಗೋಲೆಂಬ ಪದವು ಬಂದಲ್ಲಿ ಉಪಾಧ್ಯಾಯರು ಅದರ ರಚನೆಯನ್ನೂ ನಡೆಯನ್ನೂ ವಿದ್ಯಾರ್ಥಿಗಳಿಗೆ ವಿವರಿಸತಕ್ಕುದು. ಎರಡು, ಗುಬ್ಬಿ ಕುಣಿಗಲುಗಳಂತಹ ಕೆರೆಸೀಮೆಗಳಲ್ಲಿ ಬಿದಿರಿನ ಕೆಲಸದವರನ್ನೂ ಮೀನುಗಾರರನ್ನೂ ಕಂಡು, ತಳಕ್ಕೆ, ಪಕ್ಕಕ್ಕೆ, ಬಾಯಿಗೆ, ಹೆಣಿಗೆಯ ಒಂದೊಂದು ಬಗೆಗೆ ಅವರಲ್ಲಿರುವ ಮಾತುಗಳನ್ನು ಅವರ ಬಾಯಿಂದಲೇ ಬರೆದಿಟ್ಟುಕೊಳ್ಳತಕ್ಕುದು. ಯುಕ್ತಿಕಲ್ಪತರುವಿನ ಕರ್ತೃವು ಹತ್ತು ನೌಕೆಗಳಿಗೆ ಹೆಸರಿಟ್ಟು ಅಳತೆ ಹೇಳಿದುದರಿಂದಲೇ ಅವು ಇಂದಿಗೂ ವಿದ್ವಾಂಸರ ವಿಚಾರಕ್ಕೆ ಒಳಪಡುತ್ತಿವೆ. ಹನ್ನೊಂದನೆಯದಕ್ಕೂ ಹಾಗೆಯೇ ಹೆಸರು ಅಳತೆಗಳನ್ನು ಬರೆದಿಡುವುದು ಕನ್ನಡ ವಿದ್ವಾಂಸರ ಪಾಲಿಗೆ ಉಳಿದಿದೆ. ಹೇಳಬಲ್ಲವರು ಇರುವಾಗಲೇ ಅದು ಆಗತಕ್ಕ ಕೆಲಸ.